ಕರೆಂಟ್ ಗಾಡಿ ಕಲಿತು ಹಾಸನದಲ್ಲಿ ಉಳಿದದ್ದು

ಗಾಡಿ ಇನ್ನೂ ಶುರುವಾಗಿಲ್ಲ ಅಂತ ತಿಳಿದು ನಾನು ಎಕ್ಸಲೇಟರ್ ತಿರುಗಿಸಿದೆ. ಡುರ್ ಅನ್ನಲಿಲ್ಲ, ನಡುಗಲಿಲ್ಲ, ಹೊಗೆ ಬಿಡಲಿಲ್ಲ. ಇನ್ನೊಂದು ಚೂರು ತಿರುಗಿಸಿದೆ. ಮರುಕ್ಷಣ ನಾನೂ ಗಾಡಿಯೂ ಮನೆ ಓನರ್ ಸರೋಜಮ್ಮನವರ ದಾಸವಾಳದ ಕುಂಡದ ಮೇಲಿದ್ದೆವು. ಕುಂಡ ಒಡೆದ ಸದ್ದು ಬೀದಿಗೆಲ್ಲ ಕೇಳಿತು. ಗಾಡಿ ಮಾತ್ರ ಆಗಲೂ ಬಾಯಿ ಬಿಡಲಿಲ್ಲ.

"ಅಯ್ಯೋ ಜವರಮ್ಮಾ, ಆನ್ ಆಗಿರೋ ಗಾಡಿನ ಯಾರಾದ್ರೂ ಅಂಗೆ ತಿರುಗುಸ್ತಾರಾ?" ಅಂತ ಸರೋಜಮ್ಮ ಹೊಲಿಗೆ ಯಂತ್ರ ಬಿಟ್ಟು ಓಡಿ ಬಂದರು.

"ಆನ್ ಆಗಿರೋದು ನಂಗೆಂಗೆ ಗೊತ್ತಾಗ್ಬೇಕು ಅಕ್ಕಾ? ಉಸ್ರೇ ಇಲ್ವಲ್ಲ ಇದಕ್ಕೆ."

"ಅದಕ್ಕಿಲ್ದಿದ್ರೆ ಓಗ್ಲಿ, ನಿಮ್ಗೈತಾ ನೋಡ್ಕಳಿ ಮೊದ್ಲು," ಅಂದು ನನ್ನ ಮಂಡಿಯ ಮಣ್ಣು ಒರೆಸಿದರು.

ಸಿದ್ದು, ಭೂಮಿ, ನೀವು ಫೋನು ಮಾಡಿದಾಗಲೆಲ್ಲ ಹಾಸನ ಹೇಗಿದೆ ಅಂತ ಕೇಳುತ್ತೀರಿ. ನಾನು ಚೆನ್ನಾಗಿದೆ ಅಂದು ಸುಮ್ಮನಾಗುತ್ತೇನೆ. ನನಗೆ ಮೊದಲಿಂದಲೂ ಬಾಯಿ ಕಡಿಮೆ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ, ಸ್ಲೇಟು ಕೊಟ್ಟರೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೆಯೇ, ಬರೆದು ಕಳಿಸುತ್ತಿದ್ದೇನೆ. ಸಿದ್ದು ಓದಲಿ, ಭೂಮಿ ಪಕ್ಕದಲ್ಲಿ ಕೂತು ಕೇಳಲಿ.

ನಿಮ್ಮ ತಾತ ಹೊಳೆನರಸೀಪುರದ ಹಾಸ್ಟೆಲ್ಲಿನಲ್ಲಿ ಅಡುಗೆಯವರಾಗಿದ್ದರು. ಅಲ್ಲಿ ನೂರು ಹುಡುಗರಿಗೆ ಬೇಯಿಸಿ ಹಾಕುತ್ತಿದ್ದ ಮನುಷ್ಯ ಮನೆಯಲ್ಲಿ ಒಂದು ಲೋಟ ಕಾಫಿ ಕಾಯಿಸಿದವರಲ್ಲ. ಅವರು ಕೆಲಸದಲ್ಲಿದ್ದಾಗಲೇ ತೀರಿಹೋದದ್ದರಿಂದ ಅನುಕಂಪದ ಮೇಲೆ ಆ ಕೆಲಸ ನನಗೆ ಬಂತು. ಬಂದದ್ದು ಮಾತ್ರ ಹಾಸನದ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ. ಗದ್ದೆ, ಹಸು, ಮನೆಯನ್ನು ನಿಮ್ಮಪ್ಪ ಅಮ್ಮ ನೋಡಿಕೊಳ್ಳುತ್ತೇವೆ ಅಂದರು. ನಮ್ಮ ಮನೆಯಲ್ಲಿ ಊರು ಬಿಟ್ಟು ದುಡಿಯಲು ಹೋದವಳು ನಿಮ್ಮ ಅಜ್ಜಿ ನಾನೇ ಮೊದಲು.

ರೂಮು ಹುಡುಕಲು ನಿಮ್ಮಪ್ಪನೂ ಜೊತೆಗೆ ಬಂದಿದ್ದ. ಮೊದಲನೇ ಮನೆಯವರು ಬಾಗಿಲಲ್ಲೇ ನಿಂತು "ಯಾವ ಪೈಕಿ?" ಅಂತ ಕೇಳಿದರು. ಹೇಳಿದೆ. "ಅಯ್ಯೋ, ನಿನ್ನೇನೇ ನಮ್ ನೆಂಟ್ರಿಗೆ ಕೊಟ್ಬುಟ್ವಲ್ಲಾ" ಅಂದರು. ಎರಡನೇ ಮನೆಗೂ ನಿನ್ನೆಯೇ ನೆಂಟರು ಬಂದಿದ್ದರು. "ಹಾಸನದ ತುಂಬ ನೆಂಟ್ರೇ ಕಣವ್ವಾ" ಅಂತ ನಿಮ್ಮಪ್ಪ ದಾರಿಯಲ್ಲಿ ನಕ್ಕ. ನನಗೆ ನಗು ಬರಲಿಲ್ಲ. ಊರಲ್ಲಿ ನಮ್ಮ ಕೇರಿ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೆ ಯಾರೂ ಕೇಳುವುದಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ, ಅದಕ್ಕೆ ಬಾಗಿಲು ಬಾಗಿಲಲ್ಲೂ ಬಾಯಿ ಬಿಟ್ಟು ಹೇಳಬೇಕು. ಸರೋಜಮ್ಮ ಕೇಳಿದ್ದು ಒಂದೇ ಮಾತು: "ಟೀವಿ ಜೋರಾಗಿ ಇಡ್ತೀರಾ?" ನನ್ನ ಹತ್ತಿರ ಟೀವಿ ಇಲ್ಲ ಅಂದೆ. ಕೀ ಕೊಟ್ಟರು. ಗೋಡೆಯಲ್ಲಿದ್ದ ಮೊಳೆಗೆ ಬುದ್ಧನ ಪಟ ತಗುಲಿಹಾಕಿ ಚಾಪೆ ಬಿಡಿಸಿದೆ.

ಊರಲ್ಲಿ ನಾನು ಜವರಕ್ಕ, ಚಿಕ್ಕಮ್ಮ, ಅತ್ತೆ, ಅಜ್ಜಿ. ಇಲ್ಲಿ ಹಾಲಿನವನಿಂದ ಹಿಡಿದು ಹಾಸ್ಟೆಲ್ಲಿನ ಹುಡುಗಿಯರವರೆಗೆ ಎಲ್ಲರಿಗೂ ಆಂಟಿ. ಕರೆದವರಿಗೆಲ್ಲ ಓ ಅನ್ನುತ್ತೇನೆ, ಆದರೂ ಕೆಲವು ಸಲ ಹಿಂದೆ ಯಾರೋ ಬೇರೆಯವರಿದ್ದಾರೇನೋ ಅಂತ ತಿರುಗಿ ನೋಡುತ್ತೇನೆ. ಊಟದ್ದು ಇನ್ನೊಂದು ಪಾಡು. ಎಂಬತ್ತು ಹುಡುಗಿಯರ ಸಾರಿಗೆ ಕಣ್ಣಳತೆಯಲ್ಲಿ ಉಪ್ಪು ಹಾಕುವ ಕೈಗೆ ಒಬ್ಬಳ ಸಾರಿಗೆ ಎಷ್ಟು ಹಾಕಬೇಕೆಂದು ತಿಳಿಯುವುದಿಲ್ಲ. ಒಂದೇ ಮುದ್ದೆ ಕಟ್ಟಿ ತಟ್ಟೆಗಿಟ್ಟುಕೊಂಡರೆ ನೋಡಲಿಕ್ಕೆ ಏನೋ ಆಗುತ್ತದೆ. ಅದಕ್ಕೇ ಎರಡು ಕಟ್ಟುತ್ತಿದ್ದೆ. ಎರಡನೆಯದು ಮಾರನೇ ದಿನದ ಮಜ್ಜಿಗೆಗೆ ಆಗುತ್ತಿತ್ತು.

ಕೆಲಸ ಕಷ್ಟವಲ್ಲ, ಹೊತ್ತು ಕಷ್ಟ. ಬೆಳಗಿನ ಐದೂವರೆಗೆ ಒಲೆ ಹತ್ತಬೇಕು. ರೂಮಿನಿಂದ ಹಾಸ್ಟೆಲ್ಲಿಗೆ ನಾಲ್ಕು ಕಿಲೋಮೀಟರ್, ಮೊದಲ ಸಿಟಿ ಬಸ್ಸು ಬರುವುದು ಆರು ಗಂಟೆಯ ಮೇಲೆ. ನಡೆದು ಹೋದರೆ ಬೀದಿಗೊಂದು ನಾಯಿ ಹಿಂಡು. ಮೂರು ಸಲ ತಡವಾಯಿತು. ಒಂದು ದಿನ ಹುಡುಗಿಯರು ತಿಂಡಿಯಿಲ್ಲದೆ ಪರೀಕ್ಷೆಗೆ ಹೋದರು. ವಾರ್ಡನ್ ಮೇಡಂ ಒಳ್ಳೆಯವರು, ಕೂರಿಸಿಕೊಂಡೇ ಹೇಳಿದರು: "ಜವರಮ್ಮ, ನಿಮ್ಮದಿನ್ನೂ ಪ್ರೊಬೇಷನ್ನು. ಇನ್ನೊಂದ್ಸಲ ಲೇಟಾದ್ರೆ ನಾನು ಮೇಲಕ್ಕೆ ಬರೀಲೇಬೇಕಾಗುತ್ತೆ." ಪ್ರೊಬೇಷನ್ ಅಂದರೆ ಕೆಲಸ ಕೊಟ್ಟಿದ್ದಾರೆ, ಆದರೆ ಇನ್ನೂ ಪೂರ್ತಿ ಕೈಗೆ ಬಿಟ್ಟಿಲ್ಲ ಅಂತ. ಅವರು ಬರೆದರೆ ನಿಮ್ಮ ತಾತ ಬಿಟ್ಟುಹೋದ ಕೆಲಸ ನನ್ನ ಕೈಯಿಂದಲೇ ಹೋಗುತ್ತಿತ್ತು.

ಆಗಲೇ ನಿಮ್ಮಪ್ಪ ಈ ಗಾಡಿ ತಂದದ್ದು. ಇದು ನಿಧಾನದ ಗಾಡಿ, ಗಂಟೆಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಜೋರಾಗಿ ಓಡುವುದಿಲ್ಲ, ಇದಕ್ಕೆ ಲೈಸೆನ್ಸು ಬೇಡ. ಕೀ ತಿರುಗಿಸಿ, ಬ್ರೇಕ್ ಹಿಡಿದು, ಕೆಂಪು ಬಟನ್ ಒತ್ತಿದರೆ ಸಿದ್ಧ. ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ ಕದ್ದು ಕಲಿತದ್ದು ಈಗ ಕೈ ಹಿಡಿಯಿತು. ಕುಂಡ ಒಡೆದ ಮಾರನೇ ದಿನದಿಂದ ಸಂಜೆ ಹೊತ್ತು ಖಾಲಿ ಸೈಟಿನಲ್ಲಿ ಸುತ್ತು ಹೊಡೆದೆ. ಸರೋಜಮ್ಮ ಕಲ್ಲಿನ ಮೇಲೆ ಕೂತು ಬಟ್ಟೆಗೆ ಗುಂಡಿಯ ಕಾಜಾ ಹಾಕುತ್ತ ಕೂಗುತ್ತಿದ್ದರು: "ಸೊಂಟ ಸಡ್ಲ ಬಿಡಿ! ಮದ್ವೆ ಎಣ್ಣಂಗೆ ಬಿಗಿಯಾಗಿ ಕೂತ್ಕಂಡ್ರೆ ಬೀಳ್ದೆ ಇನ್ನೇನು?"

ಗಾಡಿ ತಂದ ಮೇಲೂ ನನ್ನ ಊರಿನ ಬುದ್ಧಿ ಬಿಡಲಿಲ್ಲ. ನಮ್ಮಲ್ಲಿ ತ್ರೀಫೇಸ್ ಕರೆಂಟು ಬಂತೆಂದರೆ ತಟ್ಟೆ ಮುಂದಿದ್ದರೂ ಎದ್ದು ಹೋಗಿ ಮೋಟರ್ ಹಾಕಬೇಕಲ್ಲ, ಹಾಗೆ ಇಲ್ಲಿ ಲೈಟು ಉರಿಯುವುದು ಕಂಡರೆ ಸಾಕು, ಓಡಿ ಹೋಗಿ ಗಾಡಿಗೆ ವಯರು ಚುಚ್ಚುತ್ತಿದ್ದೆ. ಅಂಗಡಿಗೆ ಹೋಗಿ ಬಂದರೂ ಚುಚ್ಚುವುದೇ. "ಕರೆಂಟೇನು ನೆಂಟ್ರಾ, ಈಗ್ಬಂದು ಈಗೋಗಕೆ? ಬುಡಿ, ಬ್ಯಾಟ್ರಿಗೂ ಒಸಿ ಸುಧಾರಿಸ್ಕಳಕ್ಕೆ ಬುಡಿ," ಅಂತ ಸರೋಜಮ್ಮ ಬೈದು ಬಿಡಿಸಿದರು.

ಇನ್ನೊಂದು ಅಭ್ಯಾಸ ಅವರಿಗೆ ಕಾಣುವಂಥದಲ್ಲ. ನಿಮ್ಮ ತಾತ ಮೊಪೆಡ್ಡಿನಲ್ಲಿ ನನ್ನನ್ನು ಕೂರಿಸಿಕೊಂಡು ಬರುವಾಗ ಊರ ಮುಂದಿನ ಇಳಿಜಾರು ಶುರುವಾಗುತ್ತಿದ್ದಂತೆ ಎಂಜಿನ್ ಆಫ್ ಮಾಡಿಬಿಡುತ್ತಿದ್ದರು. ಕಾಲುವೆಯ ಸೇತುವೆಯವರೆಗೆ ಗಾಳಿಯ ಸದ್ದೊಂದೇ. ಅಲ್ಲಿಗೆ ಬಂದು ಮತ್ತೆ ಶುರು ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷ ಅವರ ಬೆನ್ನ ಹಿಂದೆ ಕೂತವಳಿಗೆ ಇಳಿಜಾರೆಂದರೆ ಆಫ್ ಮಾಡುವುದು ಅಂತಲೇ ರೂಢಿ.

ಹಾಸ್ಟೆಲ್ಲಿಗೆ ಗಾಡಿಯಲ್ಲಿ ಹೊರಟ ಮೊದಲ ಬೆಳಗ್ಗೆ ದಾರಿಯಲ್ಲಿ ಒಂದು ಇಳಿಜಾರು ಬಂತು. ನನ್ನ ಕೈ ತಾನಾಗಿ ಹೋಗಿ ಕೀ ತಿರುಗಿಸಿತು. ಲೈಟೂ ಹೋಯಿತು. ಬೀದಿದೀಪದಲ್ಲಿ ಸುಮ್ಮನೆ ಜಾರಿಕೊಂಡು ಕೆಳಗಿನ ಸರ್ಕಲ್ಲಿಗೆ ಬಂದು ಕೀ ಹಾಕಿದೆ, ಎಕ್ಸಲೇಟರ್ ತಿರುಗಿಸಿದೆ. ಗಾಡಿ ಕದಲಲಿಲ್ಲ. ಮನೆಯ ಮುಂದೆ ದಿನವೂ ಒತ್ತುತ್ತಿದ್ದ ಕೆಂಪು ಬಟನ್ನು ನಡುರಸ್ತೆಯಲ್ಲಿ ನೆನಪಿಗೇ ಬರಲಿಲ್ಲ. ಹಿಂದೆ ಹಾಲಿನ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಗಂಟೆ ಐದೂಕಾಲು. ಕಣ್ಣು ತುಂಬಿ ಬಂತು.

ಒಬ್ಬ ಆಟೋದವರು ನಿಲ್ಲಿಸಿ ಬಂದರು. "ಯಾಕಮ್ಮೋ, ಪೆಟ್ರೋಲ್ ಆಗೋಯ್ತಾ?"

"ಇದು ಕರೆಂಟಿಂದು ಸಾ."

"ಅಂಗಾರೆ ಕರೆಂಟೋಯ್ತಾ?" ಅಂತ ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಬ್ರೇಕ್ ಹಿಡಿದು ಕೆಂಪು ಬಟನ್ ಒತ್ತಿದರು. ಗಾಡಿ ಸಿದ್ಧವಾಯಿತು. "ಚಾರ್ಜ್ ತುಂಬೈತಲ್ಲ, ಯಾಕ್ ನಿಲ್ಸಿದ್ರಿ?"

"ಇಳಿಜಾರಲ್ಲಿ ಆಫ್ ಮಾಡ್ದೆ ಸಾ. ಉಳೀಲಿ ಅಂತ."

"ಯಾರಮ್ಮ ಇದನ್ನ ಏಳ್ಕೊಟ್ಟೋರು?"

"ನಮ್ಮನೆಯೋರು."

"ಲೈಟಿಲ್ದೆ ಬಂದು ಲಾರಿಗೆ ಸಿಕ್ಕಾಕ್ಕಂಡಿದ್ರೆ? ಬ್ಯಾಟ್ರಿ ಗಾಡಿಗೆ ಇದು ನಡಿಯಕಿಲ್ಲ ಅಂತ ಅವ್ರಿಗೇಳಿ ಕಣಮ್ಮಾ."

"ಹೇಳ್ತೀನಿ ಸಾ," ಅಂದೆ.

ಐದೂವರೆಗೆ ಎರಡು ನಿಮಿಷ ಇರುವಾಗ ಹಾಸ್ಟೆಲ್ ಗೇಟು ದಾಟಿದೆ. ಒಲೆ ಹಚ್ಚಿ ನೀರಿಟ್ಟ ಮೇಲೆ ದಾಸ್ತಾನು ಕೋಣೆಗೆ ಹೋಗಿ ರವೆ ಮೂಟೆಯ ಪಕ್ಕ ನಿಂತು, ಇಲ್ಲದ ನಿಮ್ಮ ತಾತನಿಗೆ ಆ ಮಾತು ಹೇಳಿದೆ. ಅವತ್ತಿಂದ ಇಳಿಜಾರಿನಲ್ಲಿ ಆಫ್ ಮಾಡಿಲ್ಲ. ಆ ಇಳಿಜಾರು ಬಂದಾಗಲೆಲ್ಲ ಕೈಯನ್ನು ಮಾತ್ರ ಬಿಗಿ ಹಿಡಿದುಕೊಳ್ಳಬೇಕು.

ಅಲ್ಲಿಂದ ಮೇಲೆ ಒಂದು ದಿನವೂ ತಡವಾಗಲಿಲ್ಲ. ಮೇಡಂ ಮುಖ ಸಡಿಲವಾಯಿತು. ಹುಡುಗಿಯರು ಗಾಡಿಯ ಕನ್ನಡಿಗೆ ಬಣ್ಣದ ರಿಬ್ಬನ್ ಕಟ್ಟಿದರು. ಇಷ್ಟಾದರೂ ಒಂದು ಮಾತು ಹೇಳುತ್ತೇನೆ. ಊರಲ್ಲಿ ನಿಮ್ಮ ತಾತನ ಮೊಪೆಡ್ಡು ಸೇತುವೆ ಹತ್ತುವಾಗಲೇ ನನಗೆ ಕೇಳುತ್ತಿತ್ತು, ಎದ್ದು ಮುದ್ದೆಗೆ ಎಸರಿಡುತ್ತಿದ್ದೆ. ನಾಯಿ ಬಾಲ ಆಡಿಸುತ್ತಿತ್ತು, ನಿಮ್ಮಪ್ಪ ಪುಸ್ತಕ ಹಿಡಿಯುತ್ತಿದ್ದ. ಬರುವವರ ಸುದ್ದಿ ಅವರಿಗಿಂತ ಮುಂಚೆ ಮನೆ ಸೇರುತ್ತಿತ್ತು. ಈ ಗಾಡಿಯಲ್ಲಿ ನಾನು ಹೋದದ್ದೂ ಯಾರಿಗೂ ಗೊತ್ತಾಗುವುದಿಲ್ಲ, ಬಂದದ್ದೂ ಗೊತ್ತಾಗುವುದಿಲ್ಲ. ಗಾಡಿ ನಿಲ್ಲಿಸಿ ಬೀಗ ತೆಗೆದು ಒಳಗೆ ಹೋಗುತ್ತೇನೆ. ಬೀದಿ ಹೇಗಿತ್ತೋ ಹಾಗೇ ಇರುತ್ತದೆ.

ಇನ್ನು ಮೊನ್ನೆ ಭಾನುವಾರದ ವಿಷಯ. ಇದಕ್ಕಾಗಿಯೇ ಇಷ್ಟೆಲ್ಲ ಬರೆದೆ.

ರಜೆಯಿತ್ತು. ಗಾಡಿಯಲ್ಲೇ ಊರಿಗೆ ಬರುತ್ತೇನೆ ಅಂತ ಹಠ ಬಂತು. ನಲವತ್ತು ಕಿಲೋಮೀಟರ್ ಹತ್ತಿರ, ಹೊಳೆನರಸೀಪುರ ದಾಟಿ ಹಳೇಕೋಟೆ ಕಡೆಗೆ ತಿರುಗುವಷ್ಟರಲ್ಲಿ ಬೆನ್ನು ಹಲಗೆಯಾಗಿತ್ತು. ಲಾರಿಗಳೂ ಬಸ್ಸುಗಳೂ ನನ್ನನ್ನು ದಾಟಿ ಹೋದವು, ನಾನು ದಾಟಿದ್ದು ಒಂದು ಎತ್ತಿನ ಗಾಡಿಯನ್ನು. ನೀವಿಬ್ಬರೂ ಓಡಿ ಬಂದಿರಿ. "ಈ ವಯಸ್ನಲ್ಲಿ ಇದೇನವ್ವಾ ನಿಂದು?" ಅಂತ ನಿಮ್ಮಪ್ಪ ಬೈದ, ಬೈಯುತ್ತಲೇ ಗಾಡಿಯನ್ನು ಪಡಸಾಲೆಗೆ ಹತ್ತಿಸಿ ಚಾರ್ಜಿಗೆ ಹಾಕಿದ. ಅದು ತುಂಬದೆ ವಾಪಸ್ಸು ಹೋಗುವಂತಿರಲಿಲ್ಲ.

ಊಟ ಮಾಡುವಾಗ ನಾನು "ನಾಲ್ಕು ಗಂಟೆಗೆ ಮನೆಗೆ ಹೊರಟ್ಬುಡ್ತೀನಿ, ಬೆಳಿಗ್ಗೆ ಡ್ಯೂಟಿ ಅದೆ" ಅಂದೆ.

ಭೂಮಿ ಅನ್ನದ ತುತ್ತು ಹಿಡಿದುಕೊಂಡೇ ಕೇಳಿದಳು: "ಇದಲ್ವಾ ಅಜ್ಜಿ ಮನೆ?"

ಊಟದ ಮೇಲೆ ಮಲಗಿ ಎದ್ದು ನೋಡಿದರೆ ಗಾಡಿಯಲ್ಲಿ ಬರೀ ಎರಡು ಗೆರೆ ಚಾರ್ಜಿತ್ತು. ಗೋಡೆಯ ಸ್ವಿಚ್ಚು ಆಫ್ ಆಗಿತ್ತು. ಸ್ವಿಚ್ಚಿನ ಕೆಳಗೆ ಸ್ಟೂಲಿತ್ತು. ಭೂಮಿ ಬಾಗಿಲ ಹಿಂದಿದ್ದಳು.

"ಯಾರ್ಲಾ ಸ್ವಿಚ್ ಆರ್ಸಿದ್ದು?" ಅಂತ ನಿಮ್ಮಪ್ಪ ಕೂಗಿದ.

"ಕರೆಂಟ್ ಓಗಿತ್ತು ಕಣ್ಲಾ, ಸುಮ್ಕಿರು," ಅಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನಿಮ್ಮಪ್ಪ ಫ್ಯಾನು ನೋಡಿದ, ಬಾಗಿಲು ನೋಡಿದ, ನನ್ನನ್ನು ನೋಡಿದ. ಆಮೇಲೆ ನನ್ನನ್ನು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದ.

ಗಾಡಿ ನಿಮ್ಮಲ್ಲಿ, ನಾನು ಇಲ್ಲಿ. ಸೋಮವಾರ ನಾಲ್ಕೂವರೆಗೇ ಎದ್ದು, ನಾಯಿಗಳಿಗೆ ಕೈಯಲ್ಲೊಂದು ಕೋಲು ಹಿಡಿದು ನಡೆದೆ. ಐದೂವರೆಗೆ ಸರಿಯಾಗಿ ಒಲೆ ಹತ್ತಿತು. ಈ ವಾರ ಪೂರ್ತಿ ಹಾಗೆಯೇ ಹತ್ತಿಸುತ್ತಿದ್ದೇನೆ. ಗೂಡ್ಸ್ ಆಟೋದಲ್ಲಿ ಹಾಕಿ ಕಳಿಸುತ್ತೇನೆ ಅಂತ ನಿಮ್ಮಪ್ಪ ಫೋನು ಮಾಡಿದ, ಬೇಡ ಅಂದೆ.

ಭೂಮಿ, ನನಗೆ ಸಿಟ್ಟಿಲ್ಲ. ಊಟದ ಹೊತ್ತಲ್ಲಿ "ಮನೆಗೆ" ಅಂದ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೂ ಗೊತ್ತಿಲ್ಲ. ಹಾಸನದಲ್ಲಿ ಸರೋಜಮ್ಮ "ಎಲ್ಲಿಗ್ ಓಗಿದ್ರಿ?" ಅಂದಾಗ "ಮನೆಗೆ" ಅಂದೆ, ಅದೂ ನಾನಾಗಿ ಅಂದದ್ದಲ್ಲ, ಅದಾಗಿ ಬಂತು. ಎರಡೂ ಸುಳ್ಳಲ್ಲ. ನೀನು ದೊಡ್ಡವಳಾದ ಮೇಲೆ ಇದು ಸರಿಯೋ ತಪ್ಪೋ ನೀನೇ ನನಗೆ ಹೇಳು.

ಬರುವ ಭಾನುವಾರ ಬಸ್ಸಿನಲ್ಲಿ ಬರುತ್ತೇನೆ. ಗಾಡಿಯ ಸೀಟಿನ ಮೇಲೆ ಕೋಳಿ ಹತ್ತದಂತೆ ನೋಡಿಕೊ. ಊಟವಾದ ಮೇಲೆ ಸ್ಟೂಲು ಹಾಕಿಕೊಂಡು ಹತ್ತಿ ಸ್ವಿಚ್ಚು ಹಾಕು. ಬೇರೆ ಯಾರೂ ಬೇಡ, ನೀನೇ ಹಾಕಬೇಕು.