ಹಾರ ಹಾಕಿಸಿಕೊಂಡ ಅಪ್ಪ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಬಂಬಿಗೆ ಉರಿ ಹಾಕಿ, ನೀರು ಕಾಯುವುದರೊಳಗೆ ಯಜಮಾನರಿಗೆ ಚಹಾ ಕೊಟ್ಟು, ರೊಟ್ಟಿಗೆ ಹಿಟ್ಟು ನಾದುತ್ತ ಕುಳಿತೆ. ಮದುವೆಯಾಗಿ ಸಿಂದಗಿಗೆ ಬಂದು ವರ್ಷಗಳಾಗಿದ್ದರೂ ನನ್ನ ರೊಟ್ಟಿಯ ಅಂಚು ಇನ್ನೂ ಸೀಳುತ್ತಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕರವಸ್ತ್ರ ಮಡಚುವುದನ್ನು ಕಲಿಸಿದ್ದರು, ಕೆಳದನಿಯಲ್ಲಿ ಮಾತಾಡುವುದನ್ನು ಕಲಿಸಿದ್ದರು. ಜೋಳದ ಹಿಟ್ಟಿಗೆ ಎಷ್ಟು ಎಸರು ಬೇಕೆಂದು ಕಲಿಸಿರಲಿಲ್ಲ. ಹಾಲಿನವಳು ಹೊಸ್ತಿಲ ಬಳಿ ತಂಬಿಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

"ಬಾಯಾರ, ಹುಡುಗ್ಯಾರ ಮನಿ ಮುಂದ ಹಂದರಾ ಹಾಕಿ ಮೈಕ್ ಕಟ್ಟಾಕತ್ತಾರಲ್ರಿ. ಯಾರದರ ಲಗ್ನ ಐತೇನು?"

"ಲಗ್ನ ಅಲ್ಲವಾ. ವಿಜಾಪುರದಿಂದ ಸಾಹೇಬರು ಬರ್ತಾರ."

"ಹಂಗಾರ ಲಗ್ನಕಿಂತ ಖರ್ಚ ಹೆಚ್ಚಾತು ಬಿಡ್ರಿ" ಎಂದು ನಕ್ಕು ಹೋದಳು.

ಹುಡುಗ್ಯಾರ ಮನಿ ಎಂದರೆ ಊರಿನ ಮಹಿಳೆಯರ ಸಮಿತಿ ಹಳೆಯ ವಾಡೆಯೊಂದನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ವಸತಿಗೃಹ. ಮನೆ ಬಿಟ್ಟು ಓಡಿಬಂದವರು, ಕಳವಿನಲ್ಲಿ ಸಿಕ್ಕಿಬಿದ್ದವರು, ಮನೆಯವರೇ 'ನಮ್ಮ ಕೈಲಾಗೂದಿಲ್ಲ' ಎಂದು ತಂದು ಬಿಟ್ಟವರು, ಇಂಥ ಹುಡುಗಿಯರು ಅಲ್ಲಿದ್ದರು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಕಡೆಯಿಂದ ಬರುತ್ತಿದ್ದರು. ನಾನು ವಾರದಲ್ಲಿ ಎರಡು ಮಧ್ಯಾಹ್ನ ಹೋಗಿ ಕಸೂತಿ ಹೇಳಿಕೊಡುತ್ತಿದ್ದೆ. ಮನೆ ನೋಡಿಕೊಳ್ಳುತ್ತಿದ್ದವರು ಸಮಾಜಸೇವೆ ಓದಿ ಬಂದಿದ್ದ, ಹೆಚ್ಚುಕಡಿಮೆ ನನ್ನ ಓರಗೆಯ ಹೆಣ್ಣುಮಗಳು. ಹುಡುಗಿಯರ ಬಾಯಲ್ಲಿ ಅವರು ಅಕ್ಕಾರು; ನಮಗೂ ಅಕ್ಕಾರೇ ಆದರು.

ಹುಡುಗಿಯನ್ನು ಮಾತ್ರ ತಿದ್ದಿದರೆ ಸಾಲದು, ಅವಳು ಮರಳಬೇಕಾದ ಮನೆಯನ್ನೂ ತಿದ್ದಬೇಕು ಎನ್ನುವುದು ಅಕ್ಕಾರ ನಂಬಿಕೆ. ಅದಕ್ಕೇ ಪ್ರತಿ ಅಮಾವಾಸ್ಯೆಗೆ ತಂದೆತಾಯಿಯರನ್ನು ಕರೆಸುತ್ತಿದ್ದರು. ಅಂದು ಎತ್ತು ಹೂಡುವುದಿಲ್ಲ, ಹೀಗಾಗಿ ಒಕ್ಕಲಿಗನಿಗೆ ಬರಲು ಬಿಡುವು. ಬಂದವರನ್ನು ಎದುರುಬದುರು ಕೂರಿಸಿ ಉಪದೇಶ ಮಾಡುತ್ತಿರಲಿಲ್ಲ. ನಡುವೆ ಒಂದು ಮೊರ ಇಟ್ಟು, ಅದರಲ್ಲಿ ಶೇಂಗಾ ಸುರಿದು, "ಅಡಿಗಿಗೆ ಬೇಕಾಗ್ಯಾವ, ಒಂದಿಷ್ಟು ಒಡದ ಕೊಡ್ರಿ" ಎಂದು ಹೇಳಿ ತಾವು ಎದ್ದುಹೋಗುತ್ತಿದ್ದರು. ಅಪ್ಪ ಮಗಳು ಮೊರ ನೋಡುತ್ತ ಶೇಂಗಾ ಒಡೆಯುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುವ ಕಷ್ಟ ಇರುತ್ತಿರಲಿಲ್ಲ. ಸಿಪ್ಪೆಯ ಸದ್ದಿನ ಸಂದಿಯಲ್ಲಿ ಎಲ್ಲಿಂದಲೋ ಒಂದು ಮಾತು ಬರುತ್ತಿತ್ತು. ಈಗ ಇದಕ್ಕೆಲ್ಲ ಆಪ್ತಸಮಾಲೋಚನೆ, ಚಿಕಿತ್ಸೆ ಎಂಬ ಹೆಸರುಗಳಿವೆ. ನಾವು ಶೇಂಗಾ ಒಡೆಯುವುದು ಎನ್ನುತ್ತಿದ್ದೆವು.

ಮೋರಟಗಿ ಕಡೆಯ ಹಳ್ಳಿಯೊಂದರ ಹುಡುಗಿ ನನ್ನ ಪಕ್ಕದಲ್ಲೇ ಕುಳಿತು ಹೊಲಿಯುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿಯದೆ ಕತ್ತರಿಗಾಗಿ ಕಾಯುವವಳು ಅವಳೊಬ್ಬಳೇ. ಕಂಡವರ ಮನೆಯಲ್ಲಿ ಸಣ್ಣಪುಟ್ಟದ್ದು ಎತ್ತುವ ಚಟ ಅವಳದು. ಒಬ್ಬರ ಕೈಗನ್ನಡಿ, ಇನ್ನೊಬ್ಬರ ಬೆಳ್ಳಿಯ ಕುಂಕುಮ ಭರಣಿ. ಮಾರುತ್ತಿರಲಿಲ್ಲ, ಮೇವಿನ ಬಣವೆಯಲ್ಲಿ ಹುದುಗಿಸಿಡುತ್ತಿದ್ದಳು. ಭರಣಿ ಅಪ್ಪನ ಕೈಗೇ ಸಿಕ್ಕಿತು, ಬೇರೆ ಯಾರಿಗೂ ತಿಳಿಯಲಿಲ್ಲ; ಆ ದಿನ ಅವನು ಹಗ್ಗದಿಂದ ಬಡಿದಿದ್ದ. ಓಡಿಹೋದವಳು ಇಂಡಿಯ ಸ್ಟೇಶನ್ನಿನಲ್ಲಿ ಪೊಲೀಸರ ಕೈಗೆ ಸಿಕ್ಕು ಇಲ್ಲಿಗೆ ಬಂದಿದ್ದಳು. ಊರಲ್ಲಿ ಅಪ್ಪ ಬೇರೆಯೇ ಹೇಳಿದ್ದ: ಹಲಸಂಗಿಯ ಸೋದರತ್ತೆಯ ಮನೆಯಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ ಎಂದು. ಮಗಳು ತಿರುಗಿ ಬಂದಾಗ ಓಣಿಯಲ್ಲಿ ತಲೆ ಎತ್ತಿ ಓಡಾಡಲು ಅವನು ಕಟ್ಟಿದ ಒಂದೇ ಗೋಡೆ ಅದು. ಸಮಿತಿಯವರಿಗೆಲ್ಲ ಇದು ಗೊತ್ತಿತ್ತು.

ಮೊದಲ ಅಮಾವಾಸ್ಯೆಗೆ ಅವನು ಕಟ್ಟೆಯ ಮೇಲೆ ಬೆನ್ನು ಹಾಕಿ ಕುಳಿತಿದ್ದ. ಬರಬರುತ್ತ ಮೊರದ ಹತ್ತಿರ ಬಂದ. ಒಮ್ಮೆ ನಾನು ಪಡಸಾಲೆಯಲ್ಲಿ ಸೂಜಿಗಳನ್ನು ಎತ್ತಿಡುತ್ತಿದ್ದಾಗ ಅವನ ದನಿ ಕೇಳಿಸಿತು. "ಬಡಿಯೂದು ಬಿಟ್ಟೇನವ್ವಾ."

ಒಂದು ಶೇಂಗಾ ಒಡೆದ ಸದ್ದು. ಆಮೇಲೆ ಅವಳು, "ನಾನೂ ಬಿಟ್ಟೇನಪ್ಪಾ."

ಇಷ್ಟೇ. ಅಕ್ಕಾರು ಆ ಸಂಜೆ ನನ್ನ ಕೈ ಹಿಡಿದು "ಅಕಿ ಇನ್ನ ಮನಿಗೆ ಹೋಗಬಹುದ್ರಿ" ಎಂದರು. ಅಂಥ ಮಾತು ಆ ಮನೆಯಲ್ಲಿ ಪದೇ ಪದೇ ಕೇಳುವಂಥದ್ದಲ್ಲ.

ಕರೆದೊಯ್ಯುವ ದಿನವನ್ನು ಗೊತ್ತು ಮಾಡಿದವರು ಮಾತ್ರ ಸಮಿತಿಯ ಅಧ್ಯಕ್ಷೆ, ಊರಿನ ದೊಡ್ಡ ವಕೀಲರ ಹೆಂಡತಿ. ಸಂಸ್ಥೆ ನೋಡಲು ಜಿಲ್ಲೆಯ ಸಾಹೇಬರು ಸಂತೆಯ ದಿನ ಬರುತ್ತಾರೆ, ಅವರ ಮುಂದೆಯೇ ಮಗಳನ್ನು ಅಪ್ಪನ ಕೈಗೆ ಒಪ್ಪಿಸೋಣ, ಅಪ್ಪನಿಗೆ ಹಾರ ಹಾಕಿ ಸತ್ಕಾರ ಮಾಡೋಣ ಎಂದರು. ಅಕ್ಕಾರು ತಡೆದರು.

"ಆ ಮನುಷ್ಯಾ ಊರಾಗ ಏನ ಹೇಳ್ಯಾನ ಅನ್ನೂದು ನಿಮಗ ಗೊತ್ತದಲ್ರಿ. ಸುಮ್ನ ಬರ್ತಾನ, ಸುಮ್ನ ಕರಕೊಂಡ ಹೋಗ್ತಾನ."

"ಸುಮ್ನ ಹೋಗಲಿಕ್ಕೆ ಅಂವೇನ ಕಳ್ಳ ಏನ್ರಿ? ಮಗಳನ್ನ ಒಪ್ಪಿಕೊಂಡಾನ, ದೊಡ್ಡ ಮನಸ್ಸ. ನಾಕ ಮಂದ್ಯಾಗ ಮರ್ಯಾದಿ ಮಾಡಬೇಕು."

"ಹಾರ ಬ್ಯಾಡ್ರಿ" ಎಂದೆ ನಾನು.

ಅವರು ನನ್ನತ್ತ ತಿರುಗಿ ಮುಗುಳ್ನಕ್ಕರು. "ನೀವು ಕಾನ್ವೆಂಟಿನ್ಯಾಗ ಕಲ್ತವರು. ನಮ್ಮ ಮಂದಿ ಪದ್ಧತಿ ನಿಮಗ ತಿಳಿಯೂದಿಲ್ಲ. ಹಾರ ಹಾಕಿದ್ರ ಯಾರರ ಸಿಟ್ಟಾಗ್ತಾರೇನು?"

ನಮ್ಮ ಊರುಗಳಲ್ಲಿ ಈ ರೋಗ ಇದೆ. ವರ್ಗವಾಗಿ ಹೋಗುವ ಗುಮಾಸ್ತನಿಗೂ ಹಾರ, ಬಾವಿಗೆ ಬಿದ್ದ ಎಮ್ಮೆಯನ್ನು ಎತ್ತಿದವನಿಗೂ ಹಾರ. ಒಳ್ಳೆಯದು ಎಂದು ಕಂಡದ್ದನ್ನು ಕೊರಳು ಹಿಡಿದು ಎತ್ತಿ ತೋರಿಸದಿದ್ದರೆ ನಮಗೆ ಸಮಾಧಾನವಿಲ್ಲ.

ನಾನು ಹೋಗುವ ಹೊತ್ತಿಗೆ ಅಪ್ಪ ಬಂದಾಗಿತ್ತು. ಒಗೆದ ಧೋತರ, ನೀಲಿ ಹಾಕಿದ ಅಂಗಿ, ಕಂಕುಳಲ್ಲಿ ಸಣ್ಣ ಗಂಟು. ಮಗಳು ಉಡಲೆಂದು ತಾಯಿ ಕಳಿಸಿದ ಹೊಸ ಪರಕಾರ ಅದರಲ್ಲಿತ್ತು. ಹಸಿರು ಅಂಚು ಗಂಟಿನ ಬಾಯಿಂದ ಹಣಿಕುತ್ತಿತ್ತು. ಹಂದರ ನೋಡಿ, ತಪ್ಪು ಮನೆಗೆ ಬಂದೆನೇನೋ ಎಂಬಂತೆ ಬಾಗಿಲಲ್ಲೇ ನಿಂತಿದ್ದ. ಅಕ್ಕಾರು ಅವನನ್ನು ಹಿತ್ತಿಲ ಕಡೆಗೆ ಕರೆದೊಯ್ಯಲು ಮುಂದಾದರು. ಅಷ್ಟರಲ್ಲಿ ಅಧ್ಯಕ್ಷೆ "ಬರ್ರಿ, ಬರ್ರಿ ಯಜಮಾನ್ರ" ಎನ್ನುತ್ತ ವೇದಿಕೆಯ ಮೇಲೆ ಕರೆದು ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂರಿಸಿಬಿಟ್ಟರು. ಕುರ್ಚಿಯ ತುದಿಯಲ್ಲಿ ಅರ್ಧ ಕುಳಿತ. ಚಪ್ಪಲಿ ಕೆಳಗೇ ಬಿಟ್ಟಿದ್ದ. ಕಾಲ್ಬೆರಳುಗಳನ್ನು ಒಳಕ್ಕೆ ಮಡಚಿಕೊಂಡಿದ್ದ.

ಧ್ವನಿವರ್ಧಕದ ಬಾಯಿ ಸಂತೆಯ ರಸ್ತೆಯ ಕಡೆಗಿತ್ತು. ಅಧ್ಯಕ್ಷೆ ಅದರಲ್ಲಿ ಅವನ ಊರಿನ ಹೆಸರು ಹೇಳಿದರು, ಅವನ ಹೆಸರು ಹೇಳಿದರು. "ಕಳ್ಳತನದ ಚಟಕ್ಕೆ ಬಿದ್ದು ಪೊಲೀಸರ ವಶವಾಗಿದ್ದ ಈ ಬಾಲಕಿಯನ್ನು ನಮ್ಮ ಸಂಸ್ಥೆ ತಿದ್ದಿ, ಇಂದು ತಂದೆಯ ಮಡಿಲಿಗೆ ಒಪ್ಪಿಸುತ್ತಿದೆ" ಎಂದು ಓದುವ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿದರು. ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಅಪ್ಪನ ಕೊರಳಿಗೆ ಹಾರ ಹಾಕಿದರು.

ಬೇಲಿಯಾಚೆ ಸಂತೆಯ ಚೀಲ ಹಿಡಿದ ಇಬ್ಬರು ನಿಂತಿದ್ದರು.

"ಏ, ಇಂವ ನಮ್ಮೂರಾಂವ ಅಲ್ಲೇನೋ? ಮಗಳು ಹಲಸಂಗ್ಯಾಗ ಹೊಲಗಿ ಕಲಿತಾಳ ಅಂತಿದ್ನಲ್ಲೋ!"

"ಹೊಲಗಿ ಅಲ್ಲೋ, ಕತ್ತರಿ ಕಲಿಯಾಕ ಹೋಗಿದ್ಲು. ಕಿಸೆ ಕತ್ತರಿ!"

ನಗೆ ನನಗೆ ಕೇಳಿಸಿದಂತೆ ಅವನಿಗೂ ಕೇಳಿಸಿತು. ಆದರೂ ಏಳಲಿಲ್ಲ. ದೊಡ್ಡವರ ನಡುವೆ ಕೂತವನು ಕಾರ್ಯಕ್ರಮ ಮುಗಿಯುವವರೆಗೆ ಏಳಬಾರದು ಎನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಂದನಾರ್ಪಣೆಯವರೆಗೂ ಹಾರ ಹೊತ್ತುಕೊಂಡು ನೆಲ ನೋಡುತ್ತ ಕುಳಿತ.

ಚಹಾ, ಚೂಡಾ ಹಂಚುವ ಗದ್ದಲದಲ್ಲಿ ಅವನು ಒಳಗೆ ಬಂದ. ಹಾರ ತೆಗೆದು ಬಾಗಿಲ ಚಿಲಕಕ್ಕೆ ಸಿಕ್ಕಿಸಿದ. ಮಗಳು ತನ್ನ ಟ್ರಂಕು ಹಿಡಿದು ನಿಂತಿದ್ದಳು. ನಾನೂ ಅಕ್ಕಾರೂ ಅಲ್ಲೇ ಇದ್ದೆವು.

"ಈಗ ಬ್ಯಾಡವ್ವಾ" ಎಂದ. "ಇಲ್ಲೇ ಇರು."

"ನಾ ಏನೂ ಮುಟ್ಟಂಗಿಲ್ಲಪ್ಪಾ."

"ನನಗ ಗೊತ್ತೈತಿ. ಊರಿಗೆ ಹ್ಯಾಂಗ ಗೊತ್ತಾಗಬೇಕು? ಓಣ್ಯಾಗ ಯಾರದರ ಮನಿಯಾಗ ಒಂದ ಚಮಚಾ ಕಳದ್ರೂ ನಿನ್ನ ಹೆಸರಾ ಬರ್ತೈತಿ. ಅವರು ಬಂದ ಕೇಳ್ತಾರ, ಆವಾಗ ನಾ ಮತ್ತ ಹಗ್ಗಾ ಹಿಡೀತೇನಿ. ನನ್ನ ಕೈ ನನಗ ಗೊತ್ತೈತಿ."

ಗಂಟನ್ನು ಟ್ರಂಕಿನ ಮೇಲಿಟ್ಟ. ಅಕ್ಕಾರು ಏನೋ ಹೇಳಲು ಹೋದರು. ಅವನು ಅವರಿಗೆ ಎರಡೂ ಕೈ ಜೋಡಿಸಿದ, ಸಿಟ್ಟಿಲ್ಲದೆ. ಹಿತ್ತಿಲ ಬಾಗಿಲಿಂದ ಹೋದ. ಚಪ್ಪಲಿ ಹಂದರದ ಕೆಳಗೇ ಉಳಿದವು. ಹುಡುಗಿ ಅವನ್ನು ಕೊಡಲು ಓಡಿದಳು, ಅವನು ಸಿಗಲಿಲ್ಲ. ಮುಂದಿನ ಅಮಾವಾಸ್ಯೆಗೂ ಬರಲಿಲ್ಲ, ಅದರ ಮುಂದಿನದಕ್ಕೂ.

ಅಧ್ಯಕ್ಷೆಗೆ ಸುದ್ದಿ ಮುಟ್ಟಿದಾಗ ಅವರು ಬಾಯಿಗೆ ಚೂಡಾ ಹಾಕಿಕೊಳ್ಳುತ್ತಿದ್ದರು. "ನೋಡ್ರಿ, ಇಷ್ಟ ಮರ್ಯಾದಿ ಮಾಡಿದ್ರೂ ಉಪಕಾರ ಸ್ಮರಣಿ ಇಲ್ಲ. ಈ ಮಂದಿ ಹಣೆಬರಹನ ಇಷ್ಟು" ಎಂದರು. ಸಾಹೇಬರ ಜೀಪು ಆಗಲೇ ಹೊರಟಿತ್ತು. ಅವರ ಪಾಲಿಗೆ ಆ ಹುಡುಗಿ ಮನೆ ಸೇರಿಯಾಗಿತ್ತು.

ಮುಂದೆ ಎಷ್ಟೋ ವರ್ಷ ಎಷ್ಟೋ ಸಭೆಗಳಲ್ಲಿ ನಾನೂ ಕುಳಿತಿದ್ದೇನೆ. ಹಾರದ ತಟ್ಟೆ ಬಂದಾಗಲೆಲ್ಲ ಮಡಚಿಕೊಂಡ ಕಾಲ್ಬೆರಳುಗಳು ಕಾಣುತ್ತವೆ. ಕೆಟ್ಟವರು ಕೆಡಿಸಿದ್ದರೆ ಬೈದು ಮರೆಯಬಹುದಿತ್ತು. ಅಲ್ಲಿದ್ದವರಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ ಎನ್ನುವುದನ್ನು ನನಗೆ ಈಗಲೂ ನುಂಗಲಾಗುವುದಿಲ್ಲ.

ಆ ದಿನ ಸಂಜೆ ದೀಪ ಹಚ್ಚಿ ಹಿತ್ತಿಲಿಗೆ ಬಂದೆ. ಮಗ್ಗುಲ ಮನೆಯ ಕಾಕು ಗೋಡೆಗೆ ಆತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು.

"ಮೈಕ್ ಭಾಳ ಸ್ವಚ್ಛ ಕೇಳಸ್ತಿತ್ತು ನೋಡವಾ. ಕೂತಲ್ಲೇ ಎಲ್ಲಾ ಕೇಳಿದೆ" ಎಂದರು. "ಆ ಹುಡುಗಿ ಹೋಗಲಿಲ್ಲಂತಲ್ಲ?"

"ಇಲ್ಲ ಕಾಕು."

"ಹಂಗಾರ ನಾಳಿಯಿಂದ ನಮ್ಮಲ್ಲಿ ಭಾಂಡಿ ತಿಕ್ಕಲಿಕ್ಕೆ ಕಳಸು" ಎಂದು ಒಣಗಿದ ಎಲೆಯೊಂದನ್ನು ಆರಿಸಿ ಚೆಲ್ಲಿದರು. "ಬೆಳ್ಳಿ ಸಾಮಾನು ಅಷ್ಟು ಒಳಗಿಟ್ಟು ಕೀಲಿ ಹಾಕ್ಕೋತೀನಿ, ಅದಕ್ಕೇನು."