ಹಸಿ ಚೆರ್ರಿ ಮರದ ಬಟ್ಟಲು

ಲೇತ್‌ನಲ್ಲಿ ಮರ ಕಡೆಯುವ ಹವ್ಯಾಸಿಗಳ ಸಮ್ಮೇಳನ ಮುಗಿಸಿ, ಟೆನ್ನೆಸ್ಸಿಯ ಹಿಮದ ಬೆಟ್ಟಗಳನ್ನು ದಾಟಿ ನಮ್ಮೂರು ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ ಕಾರಿನಲ್ಲಿ ಮರಳುತ್ತಿದ್ದೆವು. ಕಾರು ಓಡಿಸುತ್ತಿದ್ದ ನನ್ನ ಪಕ್ಕದಲ್ಲಿ ಚನ್ನಪಟ್ಟಣದ ಖಾದರ್ ಅಂಕಲ್. ಅವರ ತೊಡೆಯ ಮೇಲೆ, ಮಗಳ ಮದುವೆಗೆಂದು ಹಸಿ ಚೆರ್ರಿ ಮರದಲ್ಲಿ ಕಡೆದ ಬಟ್ಟಲು. ಬೇಗ ಒಣಗಿ ಸೀಳದಿರಲೆಂದು ಅದನ್ನು ಮರದ ಹೊಟ್ಟಿನೊಡನೆ ಕಾಗದದ ಚೀಲದಲ್ಲಿಟ್ಟಿದ್ದರು.

“ಹೀಟರ್ ಜಾಸ್ತಿ ಮಾಡ್ಬೇಡಮ್ಮ. ಸೀಳೋ ಮುಂಚೆ ಮರ ಕೂಗಿ ಹೇಳುತ್ತೆ ಅಂತಿದ್ರು ನಮ್ಮ ಅಜ್ಜ.”

“ನೀವು ಕೇಳಿದೀರಾ ಅಂಕಲ್?”

“ಅಜ್ಜ ಕೇಳಿದ್ರು.”

ಇಂಥ ಸಾಕ್ಷ್ಯವನ್ನು ನಾನು ಸುಲಭವಾಗಿ ಒಪ್ಪುವವಳಲ್ಲ. ಅಷ್ಟರಲ್ಲಿ ಮುಂಗಾಜಿನ ಮೇಲೆ ಮಂಜು ಕಟ್ಟಿ ದಾರಿ ಮಸುಕಾಯಿತು. ಅಂಕಲ್ ತೂಕಡಿಸಿದ ಕೂಡಲೇ ಹೀಟರನ್ನು ಪೂರ್ತಿ ತಿರುಗಿಸಿ ಗಾಜಿನತ್ತ ಬಿಟ್ಟೆ. ಐದು ಮೈಲಿ ಹೋಗಿರಲಿಲ್ಲ, ‘ಟಪ್’ ಎಂದು ಸದ್ದಾಯಿತು.

ಅಂಕಲ್ ಬೆಚ್ಚಿ ಎದ್ದರು. “ಹೋಯ್ತು! ಮಗಳಿಗೆ ಏನಮ್ಮ ಹೇಳ್ಲಿ?”

ಮುಂದಿನ ಎಕ್ಸಿಟ್‌ನಲ್ಲಿ ಹೆದ್ದಾರಿಯಿಂದಿಳಿದು ಕಾರು ನಿಲ್ಲಿಸಿ, ಬಟ್ಟಲನ್ನು ಹೊರತೆಗೆದು, ಅಂಚಿನುದ್ದಕ್ಕೂ ಉಗುರೆಳೆದು ಪರೀಕ್ಷಿಸಿದೆವು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ತಲೆಯೆತ್ತಿದಾಗ, ಅಂಕಲ್ ಎದುರಿನ ಮಂಜು ಕರಗಿದ ಜಾಗದಲ್ಲಿ, ನನ್ನ ಕಾರಿನ ಮುಂಗಾಜು ಗೇಣುದ್ದ ಸೀಳಿರುವುದು ಕಂಡಿತು.

ಬಟ್ಟಲು ತನ್ನ ಗಂಡಾಂತರವನ್ನು ಗಾಜಿಗೆ ದಾಟಿಸಿತೆಂದು ಅಂಕಲ್ ಇಂದಿಗೂ ಎಲ್ಲರಿಗೂ ಹೇಳುತ್ತಾರೆ. ನಾನು ತಿದ್ದುವುದಿಲ್ಲ, ಅವರ ಕಥೆಯಲ್ಲಿ ಹೀಟರ್ ತಿರುಗಿಸಿದವರು ಯಾರೂ ಇಲ್ಲ.