ಒತ್ತು ಕಳಚದ ಪರದೆ

ನನ್ನ ದೊಡ್ಡಮ್ಮ ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಎಷ್ಟೋ ಪುಸ್ತಕ ಅವಳ ಕೈಯಿಂದ ಹಾದುಹೋಗಿವೆ. ಸುಮ್ಮನೆ ಕೂತು ತನಗಾಗಿ ಓದಿಕೊಂಡದ್ದು ಒಂದೂ ಇಲ್ಲ. ಕೆಲಸ ಬಿಟ್ಟ ಮೇಲೆ ಮನಸಾರೆ ಓದುತ್ತೇನೆ ಎಂದು ಕಾದಿದ್ದಳು. ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಅಕ್ಷರ ದೊಡ್ಡದು ಮಾಡಿಕೊಂಡರೆ ಇನ್ನೂ ಒಂದೆರಡು ವರ್ಷ ಓದಬಹುದು, ಅಷ್ಟೇ, ಎಂದರು ಕಣ್ಣಿನ ಡಾಕ್ಟರು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಪರದೆಯ ಮೇಲೆ ಪುಸ್ತಕ ಓದಿಕೊಳ್ಳುವ ಯಂತ್ರ ಹುಡುಕಿಕೊಂಡು ಮೂರು ಶನಿವಾರ ಇಬ್ಬರೂ ಅಂಗಡಿ ಅಂಗಡಿ ಅಲೆದೆವು. ಮೊದಲನೆಯದರ ಪರದೆಯಲ್ಲಿ ಅಕ್ಷರಕ್ಕಿಂತ ತಲೆಮೇಲಿನ ಟ್ಯೂಬ್‌ಲೈಟೇ ಚೆನ್ನಾಗಿ ಕಾಣುತ್ತಿತ್ತು. ಎರಡನೆಯದು ಕಾಗದದ ಹಾಗೆ, ಕಣ್ಣಿಗೆ ಹಿತವಾಗಿತ್ತು. ಆದರೆ ಅಕ್ಷರ ಹಿಗ್ಗಿಸಿದ್ದೇ ತಡ, ಒತ್ತುಗಳೆಲ್ಲ ಕಳಚಿಕೊಂಡು ‘ಹಕ್ಕಿ’ ಹೋಗಿ ‘ಹಕ್‌ಕಿ’ ಆಯಿತು.

“ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮ, ಅರ್ಥ ಆಗುತ್ತಲ್ಲ,” ಎಂದ ಅಂಗಡಿಯವನು.

“ನಿಮ್ಮ ಅಂಗಡಿ ಬೋರ್ಡೂ ಹೀಗೇ ಬರೆಸ್ತೀರಾ?” ಎಂದಳು ದೊಡ್ಡಮ್ಮ.

ಅವನು ಪೆಚ್ಚಾದ. ನನಗೆ ಸಿಟ್ಟು ನೆತ್ತಿಗೇರಿತ್ತು. ಅಷ್ಟೊಂದು ಬೆಲೆ ಹೇಳುವವರಿಗೆ ಒಂದು ಒತ್ತನ್ನು ಅದರ ಜಾಗದಲ್ಲಿ ಕೂರಿಸಲು ಬರಬಾರದೇ?

ಮೂರನೆಯ ಶನಿವಾರ ಕೊನೆಗೂ ಒಂದು ಸಿಕ್ಕಿತು. ಎಷ್ಟು ಹಿಗ್ಗಿಸಿದರೂ ಒತ್ತು ಕದಲಲಿಲ್ಲ. ದೊಡ್ಡಮ್ಮ ಅದನ್ನು ಮುಖದ ಹತ್ತಿರ ಹಿಡಿದು ಓದತೊಡಗಿದಳು. ಅಬ್ಬಾ, ಬದುಕಿದೆ ಎಂದುಕೊಂಡೆ.

ಐದನೆಯ ಸಾಲಿಗೆ ನಿಂತುಬಿಟ್ಟಳು. ಬೆರಳಿನಿಂದ ಪರದೆಯನ್ನು ಕುಟ್ಟಿದಳು. ಮತ್ತೆ ಕುಟ್ಟಿದಳು.

“ಏನಾಯ್ತು ದೊಡ್ಡಮ್ಮ?”

“‘ನಿಷ್ಠುರ’ಕ್ಕೆ ಟ ಒತ್ತು ಕೊಟ್ಟಿದ್ದಾರೆ ಕಣೇ. ಠ ಒತ್ತು ಬರ್ಬೇಕು. ಇದನ್ನ ತಿದ್ದೋದು ಎಲ್ಲಿ?”

“ತಿದ್ದೋಕಾಗಲ್ಲ ಅಮ್ಮ,” ಎಂದಳು ಆ ಅಂಗಡಿಯಾಕೆ. “ಇದು ಓದೋಕೆ ಮಾತ್ರ.”

“ತಪ್ಪು ಕಣ್ಣೆದುರಿಗೇ ಇದೆ. ಹಾಗೇ ಬಿಟ್ಟು ಮುಂದಿನ ಸಾಲಿಗೆ ಹೇಗಮ್ಮ ಹೋಗ್ಲಿ?”

ದೊಡ್ಡಮ್ಮ ತಮಾಷೆ ಮಾಡುತ್ತಿರಲಿಲ್ಲ. ಕಣ್ಣು ತುಂಬಿತ್ತು. ಮೂರು ಶನಿವಾರ ನಾನು ಪರದೆಗಳನ್ನು ಬೈದದ್ದೇ ಬಂತು. ಸುಮ್ಮನೆ ಓದುವುದು ಅವಳಿಗೆ ಬರುತ್ತಲೇ ಇರಲಿಲ್ಲ.

ಆದರೂ ಅದನ್ನೇ ಕೊಂಡು ತಂದೆವು. ಈಗ ಎರಡು ತಿಂಗಳಾಯಿತು. ಹನ್ನೊಂದು ಪುಸ್ತಕ ಹಾಕಿಕೊಟ್ಟಿದ್ದೇನೆ. ಯಾವುದರಲ್ಲೂ ದೊಡ್ಡಮ್ಮ ಮೊದಲ ಪುಟ ದಾಟಿಲ್ಲ.